ಪಾಠಕ್ಕೇ ಪರೀಕ್ಷೆ

ಭಾರವಾದ ಲಾರಿಯೊಂದು ಪುಟ್ಟ ಕಾರೊಂದಕ್ಕೆ ಡಿಕ್ಕಿ ಹೊಡೆಯಿತೆನ್ನಿರಿ. ಲಾರಿಯು ಕಾರಿನ ಮೇಲೆ ಪ್ರಯೋಗಿಸಿದ ಬಲ ಹೆಚ್ಚೋ, ಕಾರು ಲಾರಿಯ ಮೇಲೆ ಪ್ರಯೋಗಿಸಿದ ಬಲ ಹೆಚ್ಚೋ? ಮುಂದೆ ಓದುವ ಮೊದಲು ಉತ್ತರವನ್ನು ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳಿರಿ.

ಲಾರಿಯದೇ ಹೆಚ್ಚೆಂದು ನಿಮ್ಮಲ್ಲಿ ಅನೇಕರು ಬಗೆದಿದ್ದರೆ ಆಶ್ಚರ್ಯವಿಲ್ಲ. ಆದರೆ ಎರಡೂ ಸಮ. ಕಾರಿನ ದ್ರವ್ಯರಾಶಿ ಕಡಿಮೆಯಾದುದರಿಂದ ಅಷ್ಟೇ ಬಲವು ಅದರ ವೇಗವನ್ನು ಬಹಳವಾಗಿ ಬದಲಿಸುತ್ತದೆ; ಪೆಟ್ಟು ಹೆಚ್ಚಾಗುವುದಕ್ಕೆ ಇದು ಮುಖ್ಯ ಕಾರಣ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಉಂಟೆಂಬ ನ್ಯೂಟನ್ನನ ಮೂರನೆಯ ನಿಯಮವನ್ನು ನೀವು ಕಂಠಪಾಠ ಮಾಡಿಯೇ ಇರುವಿರಿ. ನಿಯಮ ಬಾಯಿಗೆ ಬಂದರೂ ಉತ್ತರ ತಪ್ಪುವುದೇಕೆ?

ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾನಿಲಯದ ಹಲೂನ್ ಮತ್ತು ಹೆಸ್ಟೆನೀಸ್ ಎಂಬ ಇಬ್ಬರು ಈ ಪ್ರಶ್ನೆಯ ಬೆನ್ನು ಹತ್ತಿದರು. ಪಾಠಕ್ಕೆ ಮೊದಲೊಮ್ಮೆ, ಪಾಠ ಮುಗಿದ ಮೇಲೊಮ್ಮೆ, ಲೆಕ್ಕವಿಲ್ಲದ ಸರಳ ಪ್ರಶ್ನೆಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟರು. 1985ರಲ್ಲಿ ಪ್ರಕಟವಾದ ಫಲಿತಾಂಶ ವಿಚಿತ್ರವಾಗಿತ್ತು: ಬೋಧಿಸಿದವರು ಯಾರೇ ಆಗಿರಲಿ, ಬಲ ಮತ್ತು ಚಲನೆಯ ವಿಷಯದಲ್ಲಿ ವಿದ್ಯಾರ್ಥಿಗಳ ಹಳೆಯ ಕಲ್ಪನೆಗಳು ಅಷ್ಟಾಗಿ ಅಲುಗಿರಲಿಲ್ಲ.

ಇದನ್ನು ಓದಿದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಎರಿಕ್ ಮಜೂರ್, ತನ್ನ ವಿದ್ಯಾರ್ಥಿಗಳು ಹಾಗಿರಲಾರರೆಂದು ನಂಬಿ, 1990ರಲ್ಲಿ ಅಂಥ ಪ್ರಶ್ನೆಗಳನ್ನೇ ಅವರ ಮುಂದಿಟ್ಟರು. ಆಗ ಒಬ್ಬಳು, ನೀವು ಕಲಿಸಿದಂತೆ ಉತ್ತರಿಸಲೇ, ನಾನು ಯೋಚಿಸುವಂತೆ ಉತ್ತರಿಸಲೇ ಎಂದು ಕೇಳಿದಳಂತೆ! ಇಷ್ಟು ಪ್ರಾಮಾಣಿಕವಾಗಿ ಕೇಳುವವರು ಎಷ್ಟು ಮಂದಿ?

ಮಜೂರ್ ಪಾಠದ ಕ್ರಮವನ್ನೇ ಬದಲಿಸಿದರು. ಸ್ವಲ್ಪ ಹೊತ್ತು ವಿವರಿಸಿ ಒಂದು ಪ್ರಶ್ನೆ ಕೇಳುವುದು. ಪ್ರತಿಯೊಬ್ಬರೂ ತಾವಾಗಿ ಯೋಚಿಸಿ ಉತ್ತರ ಸೂಚಿಸುವುದು. ಬಳಿಕ ನೆರೆಯವರೊಡನೆ ವಾದಿಸಿ ಮತ್ತೊಮ್ಮೆ ಉತ್ತರಿಸುವುದು. ಗದ್ದಲವಾಗುತ್ತದೆ, ನಿಜ. ಆದರೆ ಈಗತಾನೆ ಅರ್ಥಮಾಡಿಕೊಂಡ ಸಹಪಾಠಿಗೆ ತಾನು ಎಡವಿದ ಕಲ್ಲು ಎಲ್ಲಿದೆಯೆಂಬುದು ಇನ್ನೂ ನೆನಪಿರುತ್ತದೆ. ಇಪ್ಪತ್ತು ವರ್ಷ ಕಲಿಸಿದವರಿಗೆ ಅದು ಮರೆತೇಹೋಗಿರುತ್ತದೆ.

ಇಂಥ ವಿಧಾನಗಳಿಂದ ಪ್ರಯೋಜನವಾಯಿತೇ? ರಿಚರ್ಡ್ ಹೇಕ್ 1998ರಲ್ಲಿ 6,500ಕ್ಕೂ ಹೆಚ್ಚು ವಿದ್ಯಾರ್ಥಿಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಬರಿಯ ಉಪನ್ಯಾಸ ಕೇಳಿದ ತರಗತಿಗಳು ತಮಗೆ ಮೊದಲು ತಿಳಿಯದಿದ್ದುದರಲ್ಲಿ ಸರಾಸರಿ ನೂರಕ್ಕೆ 23ರಷ್ಟನ್ನು ಗಳಿಸಿದ್ದವು; ಚರ್ಚಿಸಿ, ಮಾಡಿ ಕಲಿತ ತರಗತಿಗಳು 48ರಷ್ಟನ್ನು.

ಇನ್ನೊಂದು ಸಂಗತಿ ವಿದ್ಯಾರ್ಥಿಗಳಾದ ನಿಮಗೇ ಸಂಬಂಧಿಸಿದುದು. 2019ರಲ್ಲಿ ಹಾರ್ವರ್ಡಿನಲ್ಲಿ ಒಂದೇ ವಿಷಯವನ್ನು ಒಂದು ಗುಂಪಿಗೆ ಸೊಗಸಾದ ಉಪನ್ಯಾಸದಿಂದ, ಇನ್ನೊಂದು ಗುಂಪಿಗೆ ಚಟುವಟಿಕೆಯಿಂದ ಕಲಿಸಿ ಹೋಲಿಸಿದರು. ಚಟುವಟಿಕೆಯ ಗುಂಪು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆಯಿತು. ಆದರೆ ತಾವು ಕಡಿಮೆ ಕಲಿತೆವೆಂದೇ ಆ ಗುಂಪಿನವರು ಭಾವಿಸಿದ್ದರು. ನಿರರ್ಗಳವಾದ ಮಾತನ್ನು ಕೇಳುತ್ತಿರುವಾಗ ಎಲ್ಲವೂ ತಿಳಿದಂತೆ ತೋರುತ್ತದೆ. ತಾನೇ ಬಿಡಿಸಲು ಹೊರಟಾಗ ತಡವರಿಕೆ. ಆ ತಡವರಿಕೆಯನ್ನು ದಡ್ಡತನವೆಂದು ತಿಳಿದು ಎಷ್ಟೋ ಮಂದಿ ವಿಜ್ಞಾನವನ್ನೇ ಬಿಟ್ಟುಬಿಡುತ್ತಾರೆ. ಇದು ದೊಡ್ಡ ನಷ್ಟ.

ಇಂಥ ಸಂಶೋಧನೆ ಹೊರದೇಶಗಳಿಗೆ ಮಾತ್ರ ಸೇರಿದುದಲ್ಲ. ನಮ್ಮ ಮುಂಬಯಿಯಲ್ಲೇ 1974ರಲ್ಲಿ ಸ್ಥಾಪಿತವಾದ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ, ಮಕ್ಕಳು ವಿಜ್ಞಾನವನ್ನೂ ಗಣಿತವನ್ನೂ ಹೇಗೆ ಕಲಿಯುತ್ತಾರೆಂಬುದನ್ನು ಅಧ್ಯಯನ ಮಾಡುತ್ತಿದೆ.

ನಿಮ್ಮ ತರಗತಿಯಲ್ಲೂ ಇದನ್ನು ಪ್ರಯೋಗಿಸಬಹುದು. ನೇರವಾಗಿ ಮೇಲಕ್ಕೆಸೆದ ಚೆಂಡು ಕೈಬಿಟ್ಟ ಬಳಿಕ ಇನ್ನೂ ಏರುತ್ತಿರುವಾಗ, ಅದರ ಮೇಲೆ ಮೇಲ್ಮುಖವಾದ ಬಲವೇನಾದರೂ ಇದೆಯೇ? ಗಾಳಿಯ ತಡೆಯನ್ನು ಗಣಿಸಬೇಡಿರಿ. ಮೊದಲು ಒಬ್ಬೊಬ್ಬರೇ ಉತ್ತರವನ್ನು ಬರೆದಿಡಿರಿ. ಬಳಿಕ ಬೇರೆ ಉತ್ತರ ಬರೆದವರನ್ನು ಹುಡುಕಿ, ಅವರ ಪಕ್ಕದಲ್ಲಿ ಕುಳಿತು ವಾದಿಸಿರಿ.