ಪೀಚ್ ಕಾಬ್ಲರ್: ಪುಟ್ಟಿಗೆ ದೊಡ್ಡಮ್ಮನ ಕಿವಿಮಾತು

ಪುಟ್ಟಿ, ಅಟ್ಲಾಂಟಾದಲ್ಲಿ ನಿನಗಿದು ಮೊದಲ ಬೇಸಿಗೆ. ಮೇ ನಡುವಿನಿಂದ ಆಗಸ್ಟ್‌ವರೆಗೆ ಜಾರ್ಜಿಯಾದ ಪೀಚ್ ಸಿಗುತ್ತೆ; ಆ ಕಡೆಯವರು ಅದರಲ್ಲಿ ಕಾಬ್ಲರ್ ಮಾಡ್ತಾರೆ. ಕೆಳಗೆ ಹಣ್ಣು, ಮೇಲೆ ಹಿಟ್ಟು, ಅಷ್ಟೇ. ಮೊಟ್ಟೆ ಬೇಕಾಗಲ್ಲ, ಹಾಗಾಗಿ ನಿಮ್ಮತ್ತೆಯವರು ಬಂದಾಗಲೂ ಧೈರ್ಯವಾಗಿ ಮಾಡು. ಅಳತೆ ಬಾಯಿಪಾಠ ಮಾಡೋದಕ್ಕಿಂತ ಹಣ್ಣಿನ ನೀರು, ಹುಳಿ ಎರಡನ್ನೂ ನೋಡಿ ಕೈ ಬದಲಿಸೋದು ಕಲಿ.

• ಗಟ್ಟಿ ಪೀಚನ್ನು ಫ್ರಿಜ್ಜಿಗೆ ಹಾಕಬೇಡ, ಒಳಗೆ ಹಿಟ್ಟುಹಿಟ್ಟಾಗುತ್ತೆ. ಕಾಗದದ ಚೀಲದಲ್ಲಿಟ್ಟರೆ ಮೆತ್ತಗಾಗುತ್ತೆ. ಸಿಹಿ ಮಾತ್ರ ಕಿತ್ತ ಮೇಲೆ ಹೆಚ್ಚಲ್ಲ, ಮೂಸಿ ನೋಡಿ ತಗೋ.

• ಸಿಪ್ಪೆ ತೆಗೀಬೇಕಾದರೆ ಕುದಿಯೋ ನೀರಲ್ಲಿ ಅರ್ಧ ನಿಮಿಷ ಬಿಟ್ಟು ತಣ್ಣೀರಿಗೆ ಹಾಕು. ನಾನಂತೂ ತೆಗೆಯೋದೇ ಇಲ್ಲ.

• 1 ಕೆ.ಜಿ. ಹಣ್ಣಿಗೆ ಅರ್ಧ ಕಪ್ ಸಕ್ಕರೆ, 1 ದೊಡ್ಡ ಚಮಚ ಕಾರ್ನ್‌ಸ್ಟಾರ್ಚ್, ಸ್ವಲ್ಪ ನಿಂಬೆರಸ. ಮೇಲಕ್ಕೆ 1 ಕಪ್ ಮೈದಾ, ಒಂದೂವರೆ ಸಣ್ಣ ಚಮಚ ಬೇಕಿಂಗ್ ಪೌಡರ್, ಕಾಲು ಸಣ್ಣ ಚಮಚ ಸೋಡಾ, ಚಿಟಿಕೆ ಉಪ್ಪು, 2 ದೊಡ್ಡ ಚಮಚ ಸಕ್ಕರೆ, 4 ದೊಡ್ಡ ಚಮಚ ತಣ್ಣನೆ ಬೆಣ್ಣೆ. ಬೆಣ್ಣೆಯನ್ನು ಬೆರಳ ತುದಿಯಲ್ಲಿ ಉದುರುದುರಾಗಿ ಬೆರೆಸಿ, ಅರ್ಧ ಕಪ್ ಮಜ್ಜಿಗೆ ಹಾಕಿ ಕಲಸು. ಚಪಾತಿ ಹಿಟ್ಟಿನ ಹಾಗೆ ನಾದಬೇಡ! ಹಣ್ಣಿನ ಮೇಲೆ ಅಲ್ಲಲ್ಲಿ ಉಂಡೆ ಬಿಡು. 375 ಡಿಗ್ರಿ ಫ್ಯಾರನ್‌ಹೀಟಿನಲ್ಲಿ 40-45 ನಿಮಿಷ. ಮೇಲೆ ಕೆಂಪಾದರೆ ಸಾಲದು, ನಡುವಿನ ರಸ ಕೊತಕೊತ ಕುದೀಬೇಕು. ಕುದಿಯದಿದ್ದರೆ ಕಾರ್ನ್‌ಸ್ಟಾರ್ಚ್ ಕಟ್ಟಿಕೊಳ್ಳಲ್ಲ, ರಸ ನೀರಾಗೇ ಉಳಿಯುತ್ತೆ.

• ಇದೂ ಕಷ್ಟ ಅನ್ನಿಸಿದರೆ ದಕ್ಷಿಣದವರ ಸೋಮಾರಿ ದಾರಿ: ಟ್ರೇನಲ್ಲಿ ಬೆಣ್ಣೆ ಕರಗಿಸು. ಸೆಲ್ಫ್ ರೈಸಿಂಗ್ ಮೈದಾ, ಸಕ್ಕರೆ, ಹಾಲು ತಲಾ 1 ಕಪ್ ಕಲಸಿ ಸುರಿ, ಮೇಲೆ ಹಣ್ಣು ಹರಡು. ಕದಡಬೇಡ. ಬೇಯ್ತಾ ಹಿಟ್ಟೇ ಹಣ್ಣನ್ನು ದಾಟಿ ಮೇಲೆ ಬರುತ್ತೆ.

• ಪೀಚಿಗೆ ಜಾಯಿಕಾಯಿ ಅಥವಾ ಒಣಶುಂಠಿ. ಏಲಕ್ಕಿಯೂ ಒಪ್ಪುತ್ತೆ. ಮೂರನ್ನೂ ಒಟ್ಟಿಗೆ ಸುರಿದರೆ ಕಷಾಯ.

• ಕಾಲು ಭಾಗ ಬ್ಲೂಬೆರ್ರಿ ಸೇರಿಸಿದರೆ ಬಣ್ಣವೂ ಹುಳಿಯೂ ಬರುತ್ತೆ. ಫ್ರೀಜರಿನ ಹಣ್ಣಾದರೆ ನೀರು ಜಾಸ್ತಿ, ಕಾರ್ನ್‌ಸ್ಟಾರ್ಚ್ ಇನ್ನರ್ಧ ಚಮಚ ಹೆಚ್ಚಿಸು.

• ನಮ್ಮ ಮಿಷಿಗನ್ ಕಡೆ ಜುಲೈನಲ್ಲಿ ಹುಳಿ ಚೆರ್ರಿ ಬರುತ್ತೆ. ಅದಕ್ಕೆ ಸಕ್ಕರೆ ಜಾಸ್ತಿ ಹಿಡಿಯುತ್ತೆ, ನಿಂಬೆ ಬೇಡವೇ ಬೇಡ. ಮೈದಾದಲ್ಲಿ ಕಾಲು ಭಾಗ ತೆಗೆದು ಬಾದಾಮಿ ಪುಡಿ ಹಾಕು. ನನ್ನನ್ನು ಕೇಳಿದರೆ ಪೀಚಿಗಿಂತ ಇದೇ ರುಚಿ.

• ಓಟ್ಸ್, ಪುಡಿ ಬೆಲ್ಲ, ಒಂದೆರಡು ಚಮಚ ಚಿರೋಟಿ ರವೆ ತುಪ್ಪದಲ್ಲಿ ಕಲಸಿ ಉದುರಿಸಿದರೆ ಅದು ಕ್ರಿಸ್ಪ್. ಬೆಣ್ಣೆಯಲ್ಲಿರೋ ನೀರು ತುಪ್ಪದಲ್ಲಿಲ್ಲ, ಅಳತೆಯಲ್ಲಿ ಸ್ವಲ್ಪ ಕಮ್ಮಿ ಸಾಕು.

• ಮಾವಿನಲ್ಲಿ ಮಾಡಬೇಕು ಅನ್ನಿಸಿದರೆ ಮೆಕ್ಸಿಕೋದ ಅಟೌಲ್ಫೊ ತಗೋ, ನಾರಿಲ್ಲ. ಸಕ್ಕರೆ ಅರ್ಧಕ್ಕಿಳಿಸಿ ನಿಂಬೆ ಹೆಚ್ಚಿಸು. ಡಬ್ಬಿಯ ಪಲ್ಪ್ ಬೇಡ. 2007ರಿಂದ ನಮ್ಮ ದೇಶದ ಮಾವೂ ಅಮೆರಿಕಕ್ಕೆ ಬರ್ತಿದೆ, ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತೆ. ಕೈಗೆ ಒಳ್ಳೆ ಆಪೂಸ್ ಸಿಕ್ಕಿದರೆ ಓವನ್ ಹತ್ತಿರವೂ ಒಯ್ಯಬೇಡ, ಸೀಕರಣೆ ಮಾಡಿ ತಿನ್ನು.

• ಕನ್ನಡ ಕೂಟದ ಪಾಟ್‌ಲಕ್‌ಗೆ ಒಯ್ಯುವಾಗ ಬಿಸಿ ಇರುವಾಗಲೇ ಫಾಯಿಲ್ ಬಿಗಿದರೆ ಮೇಲಿನದೆಲ್ಲ ಮೆತ್ತಗಾಗುತ್ತೆ. ಆರಿಸಿ ಮುಚ್ಚು.

• ಒಲೆಯಿಂದ ಇಳಿಸಿ ಕಾಲು ಗಂಟೆಯಾದರೂ ಬಿಟ್ಟು ಬಡಿಸು, ರಸ ಗಟ್ಟಿಯಾಗಲಿ. ಜೊತೆಗೆ ಐಸ್‌ಕ್ರೀಮ್ ಕೊಡೋದಾದರೆ ಡಬ್ಬಿ ಓದಿ ತಗೋ: ‘ಫ್ರೆಂಚ್ ವೆನಿಲಾ’ ಅಂತ ಬರೆದಿರೋದರಲ್ಲಿ ಸಾಮಾನ್ಯವಾಗಿ ಮೊಟ್ಟೆಯ ಹಳದಿ ಇರುತ್ತೆ. ಕಾಬ್ಲರಿಗೆ ಮೊಟ್ಟೆ ಹಾಕದೆ ಇಲ್ಲಿ ಸಿಕ್ಕಿಬೀಳಬೇಡ.