ಹಿತ್ತಿಲ ಕೋಳಿಗೂಡಿಗೆ ಇಲಿ ಬಾರದಂತೆ

ಲಾಸ್ ಏಂಜಲೀಸ್ ಅಥವಾ ಸ್ಯಾನ್ ಡಿಯಾಗೊದಲ್ಲಿ ನೆಲೆಸಿರುವ ನೀವು ಮನೆಯ ಹಿತ್ತಿಲಿನಲ್ಲಿ ನಾಲ್ಕೈದು ಹೇಂಟೆಗಳನ್ನು ಸಾಕಬೇಕೆಂದಿದ್ದೀರಿ. ಒಳ್ಳೆಯ ಯೋಚನೆ. ಗೂಡು ಕಟ್ಟುವ ಮೊದಲೇ ಇಲಿಯ ಬಗೆಗೆ ನಾಲ್ಕು ವಿಷಯ ತಿಳಿದುಕೊಂಡರೆ ಮುಂದಿನ ತೊಂದರೆಯ ಬಹುಪಾಲು ತಪ್ಪುತ್ತದೆ. ನಿಮಗೆ ಈಗ ಏನೂ ತಿಳಿಯದಿದ್ದರೂ ಅಡ್ಡಿಯಿಲ್ಲ, ಮೊದಲಿನಿಂದಲೇ ನೋಡೋಣ.

ಎಲ್ಲಕ್ಕೂ ಬುನಾದಿಯಾದ ಮಾತು ಇದು: ಇಲಿ ಬರುವುದು ಕೋಳಿಗಾಗಿ ಅಲ್ಲ, ಕೋಳಿಯ ಕಾಳಿಗಾಗಿ. ಒಮ್ಮೆ ಬಂದು ನೆಲೆಯೂರಿದ ಮೇಲೆ ಮೊಟ್ಟೆಗೂ ಮರಿಗಳಿಗೂ ಬಾಯಿ ಹಾಕುತ್ತದೆ. ಕೋಳಿಗೆ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣುವುದಿಲ್ಲ. ಸೂರ್ಯ ಮುಳುಗುತ್ತಲೇ ಅಡ್ಡಗಳುವಿನ ಮೇಲೆ ಕುಳಿತು ನಿದ್ದೆಹೋಗುತ್ತದೆ. ಇಲಿ ಹೊರಗೆ ಹೊರಡುವುದು ಸರಿಯಾಗಿ ಆಗಲೇ. ಸಂಜೆ ತೊಟ್ಟಿಯಲ್ಲಿ ಉಳಿದ ಕಾಳೆಲ್ಲ ಇಲಿಯ ಪಾಲು.

ಇನ್ನು ಇಲಿಯ ಪರಿಚಯ. ಈ ಎರಡು ನಗರಗಳಲ್ಲಿ ಮುಖ್ಯವಾಗಿ ಎರಡು ಜಾತಿಗಳಿವೆ. ಒಂದು ‘ರೂಫ್ ರ್ಯಾಟ್’, ಅಂದರೆ ಮಾಡು, ಮರಗಳ ಮೇಲೆ ವಾಸಿಸುವ ಇಲಿ. ತೆಳು ಮೈ, ದೊಡ್ಡ ಕಿವಿ, ಮೈಗಿಂತ ಉದ್ದವಾದ ಬಾಲ. ಇನ್ನೊಂದು ‘ನಾರ್ವೆ ರ್ಯಾಟ್’. ಇದು ದಪ್ಪ ಮೈಯದು, ಬಾಲ ಮೈಗಿಂತ ಗಿಡ್ಡ, ನಮ್ಮೂರ ಹೆಗ್ಗಣದ ಹಾಗೆ ನೆಲದಲ್ಲಿ ಬಿಲ ತೋಡುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಹಿತ್ತಿಲುಗಳಲ್ಲಿ ಹೆಚ್ಚಾಗಿ ಕಾಣುವುದು ಮೊದಲನೆಯದು. ಅಲ್ಲಿ ಹೆಪ್ಪುಗಟ್ಟಿಸುವ ಚಳಿಯಿಲ್ಲ. ಕಿತ್ತಳೆ, ನಿಂಬೆ, ಬೆಣ್ಣೆಹಣ್ಣು ಒಂದಲ್ಲ ಒಂದು ಮರದಲ್ಲಿ ಸದಾ ಇರುತ್ತವೆ. ತಾಳೆಮರಗಳಲ್ಲಿ ಜೋತುಬಿದ್ದ ಒಣಗರಿಗಳ ನಡುವೆ ಗೂಡಿಗೆ ಜಾಗವೂ ಇದೆ. ಬೇಲಿಯ ತುದಿ, ತಂತಿಗಳೇ ಅದರ ಹಾದಿ. ಒಳಗಿನ ತಿರುಳು ಖಾಲಿಯಾಗಿ ಬರಿಯ ಸಿಪ್ಪೆಯ ಚಿಪ್ಪು ಕೊಂಬೆಯಲ್ಲೇ ತೂಗುತ್ತಿರುವ ಕಿತ್ತಳೆ ಕಂಡಿರಾದರೆ ಅದು ಈ ಇಲಿಯದೇ ಕೆಲಸ. ಹಿಕ್ಕೆಯನ್ನೂ ಗಮನಿಸಿ: ಅರ್ಧ ಇಂಚಿನ, ತುದಿ ಚೂಪಾದ ಹಿಕ್ಕೆ ರೂಫ್ ರ್ಯಾಟ್‌ನದು; ಅದಕ್ಕಿಂತ ದೊಡ್ಡದಾಗಿ ತುದಿ ಮೊಂಡಾಗಿದ್ದರೆ ನಾರ್ವೆ ರ್ಯಾಟ್‌ನದು.

ಈಗ ಕೆಲಸಕ್ಕೆ ಬರೋಣ. ಇದರಲ್ಲಿ ನಾಲ್ಕು ಹೆಜ್ಜೆಗಳಿವೆ. ದಯವಿಟ್ಟು ಇದೇ ಕ್ರಮದಲ್ಲಿ ಇಡಿ.

ಮೊದಲನೆಯದು ಕಾಳು. ಬೆಳೆದ ಒಂದು ಹೇಂಟೆ ದಿನಕ್ಕೆ ಸುಮಾರು 100ರಿಂದ 120 ಗ್ರಾಂ ಆಹಾರ ತಿನ್ನುತ್ತದೆ. ಐದು ಹೇಂಟೆಗಳಿಗೆ ಅರ್ಧ ಕಿಲೋಗಿಂತ ತುಸು ಹೆಚ್ಚು ಸಾಕು. ಅಳೆದು ಹಾಕಿ, ಸಂಜೆ ಉಳಿದದ್ದನ್ನು ಎತ್ತಿಡಿ, ಚೆಲ್ಲಿದ್ದನ್ನು ಬಳಿದು ತೆಗೆಯಿರಿ, ಮೊಟ್ಟೆಗಳನ್ನು ಒಳಗೆ ತನ್ನಿ. ಪ್ಲಾಸ್ಟಿಕ್ ಡಬ್ಬಿಯನ್ನು ಇಲಿ ಕಡಿದು ತೂತು ಮಾಡುತ್ತದೆ. ಆದ್ದರಿಂದ ದಾಸ್ತಾನಿಗೆ ಬಿಗಿ ಮುಚ್ಚಳದ ತಗಡಿನ ಡ್ರಮ್ಮೇ ಬೇಕು. ಕೋಳಿ ಹಲಗೆಯ ಮೇಲೆ ನಿಂತಾಗ ಮಾತ್ರ ಮುಚ್ಚಳ ತೆರೆಯುವ ತೊಟ್ಟಿಗಳೂ ಸಿಗುತ್ತವೆ. ಕೋಳಿಗಳಿಗೆ ಅದು ರೂಢಿಯಾಗುವವರೆಗೆ ತಾಳ್ಮೆಯಿರಲಿ.

ಎರಡನೆಯದು ಗೂಡಿನ ಕಿಂಡಿಗಳು. ಅರ್ಧ ಇಂಚಿಗಿಂತ ದೊಡ್ಡ ಕಿಂಡಿಯಿದ್ದರೆ ಎಳೆಯ ಇಲಿ ತೂರಬಲ್ಲದು. ಅಂಗಡಿಯಲ್ಲಿ ‘ಚಿಕನ್ ವೈರ್’ ಎಂದು ಮಾರುವ ಆರು ಮೂಲೆಯ ಕಣ್ಣಿನ ಬಲೆ ಕೋಳಿಯನ್ನು ಒಳಗಿಡುತ್ತದೆ, ಇಲಿಯನ್ನು ಹೊರಗಿಡುವುದಿಲ್ಲ. ನೀವು ಕೇಳಬೇಕಾದದ್ದು ‘ಹಾರ್ಡ್‌ವೇರ್ ಕ್ಲಾತ್’. ಹೆಸರಿನಲ್ಲಿ ಬಟ್ಟೆಯಿದ್ದರೂ ಅದು ಚೌಕ ಕಣ್ಣಿನ ಗಟ್ಟಿ ತಂತಿ ಜಾಲರಿ. ಕಾಲು ಇಂಚಿನ ಕಣ್ಣಿನದಾದರೆ ಸುಂಡಿಲಿಗೂ ದಾರಿಯಿಲ್ಲ. ಅದನ್ನು ಗೋಡೆಗಳಿಗಷ್ಟೇ ಅಲ್ಲ, ಮೇಲ್ಗಡೆಗೂ ಹಾಕಿ, ಏಕೆಂದರೆ ರೂಫ್ ರ್ಯಾಟ್ ಹತ್ತುವುದರಲ್ಲಿ ನಿಸ್ಸೀಮ. ಬಿಲ ತೋಡಿ ಬಾರದಂತೆ ಬುಡದಲ್ಲಿ ಒಂದಡಿ ಆಳಕ್ಕೆ ಹೂಳಿ.

ಮೂರನೆಯದು ಅಡಗುದಾಣ. ಗೂಡನ್ನು ನೆಲದಿಂದ ಒಂದಡಿಗಿಂತ ಮೇಲೆತ್ತಿ ಕಟ್ಟಿದರೆ ಅಡಿಯಲ್ಲಿ ಬೆಳಕಾಡುತ್ತದೆ, ಇಲಿಗೆ ಮರೆ ಸಿಗುವುದಿಲ್ಲ. ಸೌದೆಯ ರಾಶಿ, ದಟ್ಟ ಬಳ್ಳಿ, ತಾಳೆಯ ಒಣಗರಿ ತೆಗೆಸಿ. ಗೂಡಿನ ಮೇಲೆ ಚಾಚಿದ ಕೊಂಬೆ ಸವರಿ. ಬಿದ್ದ ಹಣ್ಣು ಆಯ್ದುಬಿಡಿ.

ಬೋನು ಬರುವುದು ನಾಲ್ಕನೆಯದಾಗಿ. ತೊಟ್ಟಿ ತುಂಬಿದ್ದಾಗ ಬೋನಿಟ್ಟರೆ ಬೆಟ್ಟ ಅಗೆದು ಇಲಿ ಹಿಡಿದಂತಾಗುತ್ತದೆ: ಒಂದು ಸಿಕ್ಕರೆ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ. ಇಲಿಗೆ ಹೊಸ ವಸ್ತುವೆಂದರೆ ಅನುಮಾನ. ಆದ್ದರಿಂದ ಸ್ಪ್ರಿಂಗ್ ಬೋನಿಗೆ ಕಡಲೆಕಾಯಿ ಬೆಣ್ಣೆ ಸವರಿ, ಮೊದಲ ಕೆಲವು ದಿನ ಹೂಡದೆ ಸುಮ್ಮನೆ ಇಡಿ; ತಿನ್ನಲು ಧೈರ್ಯ ಬಂದ ಮೇಲೆ ಹೂಡಿ. ಕೋಳಿಯ ಕಾಲು, ಮಕ್ಕಳ ಕೈ ತಾಗದಂತೆ ಪೆಟ್ಟಿಗೆಯೊಳಗೆ, ಗೋಡೆಯ ಅಂಚಿನಲ್ಲಿಡಿ, ದಿನವೂ ನೋಡಿ. ಇಲಿಯ ಮೈಮೇಲಿನ ಚಿಗಟಗಳು ಟೈಫಸ್ ಜ್ವರ ಹರಡಬಲ್ಲವು. 2018ರಲ್ಲಿ ಲಾಸ್ ಏಂಜಲೀಸ್‌ನ ನಗರಮಧ್ಯದಲ್ಲೇ ಅದು ಕಾಣಿಸಿಕೊಂಡಿತ್ತು. ಸತ್ತ ಇಲಿಯನ್ನು ಕೈಗವಸಿಲ್ಲದೆ ಮುಟ್ಟಬೇಡಿ. ಹಿಕ್ಕೆಯನ್ನು ಒಣದಾಗಿ ಗುಡಿಸದೆ, ಸೋಂಕುನಾಶಕದಿಂದ ನೆನೆಸಿ ಒರೆಸಿ.

ಇಲಿ ಪಾಷಾಣ ಮಾತ್ರ ಬೇಡವೆಂದು ಕಳಕಳಿಯಿಂದ ಕೇಳುತ್ತೇನೆ. ಅದರಲ್ಲಿನ ಹಲವು ವಿಷಗಳು ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೊಲ್ಲುತ್ತವೆ. ಸಾಯಲು ಕೆಲವು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಆ ಇಲಿಯನ್ನು ಗೂಬೆ ತಿಂದರೂ ಕೋಳಿ ಕುಕ್ಕಿದರೂ ವಿಷ ಅವುಗಳ ಮೈ ಸೇರುತ್ತದೆ. ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿನಲ್ಲಿ ಒಂಟಿಯಾಗಿ ಬದುಕಿದ್ದ ಪಿ-22 ಎಂಬ ಪ್ಯೂಮಾ 2014ರಲ್ಲಿ ಕಜ್ಜಿ ಹಿಡಿದು ಕೃಶವಾಗಿದ್ದಾಗ ಅದರ ರಕ್ತದಲ್ಲೂ ಇಂಥ ವಿಷ ಕಂಡುಬಂದಿತ್ತು. ಕ್ಯಾಲಿಫೋರ್ನಿಯಾ 2021ರ ಜನವರಿಯಿಂದ ಈ ಗುಂಪಿನ ಅತಿ ತೀಕ್ಷ್ಣವಾದವುಗಳ ಬಹುಪಾಲು ಬಳಕೆಯನ್ನು ನಿಷೇಧಿಸಿತು. 2024ರಲ್ಲಿ ಡೈಫಾಸಿನೋನ್ ಎಂಬುದಕ್ಕೂ ನಿರ್ಬಂಧ ಬಂತು.

ಕೊನೆಯದಾಗಿ, ನೆರೆಮನೆಯವರನ್ನು ಮರೆಯಬೇಡಿ. ಸ್ಯಾನ್ ಡಿಯಾಗೊ ನಗರ 2012ರಲ್ಲಿ ನಿಯಮ ಸಡಿಲಿಸಿ ಸಾಮಾನ್ಯ ಮನೆಗಳಲ್ಲೂ ಐದು ಹೇಂಟೆಗಳವರೆಗೆ ಸಾಕಲು ಅವಕಾಶ ಕೊಟ್ಟಿತು. ಲಾಸ್ ಏಂಜಲೀಸ್ ನಗರದಲ್ಲಿ ಗೂಡು ನಿಮ್ಮ ಮನೆಯಿಂದ 20 ಅಡಿ, ಪಕ್ಕದವರ ಮನೆಯಿಂದ 35 ಅಡಿ ದೂರವಿರಬೇಕು. ಆದರೆ ಇಲಿಗೆ ಈ ಅಳತೆಗಳ ಹಂಗಿಲ್ಲ. ನಿಮ್ಮ ಕಾಳು ತಿಂದು ಪಕ್ಕದವರ ಅಟ್ಟದಲ್ಲಿ ಮರಿ ಹಾಕುತ್ತದೆ. ಗೂಡು ಕಟ್ಟುವ ಮೊದಲೇ ಅವರಿಗೆ ನಿಮ್ಮ ಏರ್ಪಾಡನ್ನು ತೋರಿಸಿ. ಇಲಿ ಕಂಡರೆ ಕೂಡಲೇ ತಿಳಿಸಲು ಹೇಳಿ. ಸಂಜೆ ತೊಟ್ಟಿ ಎತ್ತಿಡಲು ಬೇಕಾಗುವುದು ಕೆಲವೇ ನಿಮಿಷ. ಕೋಳಿ ಸಾಕಲು ನಗರ ಕೊಟ್ಟ ಅನುಮತಿ ನೆರೆಯವರ ಒಪ್ಪಿಗೆಯಾಗಿಯೂ ಉಳಿಯುವುದು ಆ ನಿಮಿಷಗಳಿಂದಲೇ.