ಮೀಟರ್ ನೋಡಿ ಮರುಳಾಗಬೇಡ

ಪ್ರೀತಿಯ ಅಳಿಯನಿಗೆ,

ಹುಬ್ಬಳ್ಳಿಯಿಂದ ನಿನ್ನ ಸೋದರಮಾವನ ಆಶೀರ್ವಾದಗಳು.

ನೀನು ಕಳಿಸಿದ ಫೋಟೊಗಳನ್ನು ನೋಡಿದೆ. ಬೆಳ್ಳಗೆ ಹೊಳೆಯುವ ದೊಡ್ಡ ಗಾಡಿ, ಡೆಲ್ಲಿ ಪಾಸಿಂಗ್, ಮೀಟರಿನಲ್ಲಿ ಬರೀ 52,000 ಕಿಲೋಮೀಟರ್, ಬೆಲೆಯೂ ಇಲ್ಲಿನದಕ್ಕಿಂತ ಎಷ್ಟೋ ಕಡಿಮೆ. ಕೆಳಗೆ ‘ಮಾವ, ನಾಳೆ ಅಡ್ವಾನ್ಸ್ ಕೊಡ್ತೀನಿ’ ಅಂತ ಒಂದು ಸಾಲು. ಓದಿ ಸಿಟ್ಟು ಬಂತು. ಫೋನಿನಲ್ಲಾದರೆ ದನಿ ಏರುತ್ತದೆ, ಅದಕ್ಕೇ ಬರೆಯಲು ಕೂತೆ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಊರಿಗೆ ಹೋಗಿಬರಲು ಹಳೆ ಡೀಸೆಲ್ ಕಾರು ಹುಡುಕುವ ನಿನ್ನಂಥ ಹುಡುಗರು ಬೇಕಾದಷ್ಟಿದ್ದಾರೆ. ಅವರೂ ಓದಲಿ.

ಆ ಗಾಡಿ ಯಾಕೆ ಅಷ್ಟು ಅಗ್ಗ ಅಂತ ಒಂದು ಸಲವಾದರೂ ಕೇಳಿದೆಯಾ? ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದೆಹಲಿ ಸುತ್ತಮುತ್ತ ಓಡಬಾರದೆಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಬೇಡವಾದ ಗಾಡಿಗಳು ಲಾರಿಯೇರಿ ನಮ್ಮ ಕಡೆ ಬರತೊಡಗಿದ್ದು ಆಮೇಲೆ. ಎಲ್ಲವೂ ಕೆಟ್ಟ ಗಾಡಿಗಳೆಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಇಲ್ಲಿ ಮರುನೋಂದಣಿ ಮಾಡಿಸಬೇಕು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಇಷ್ಟೆಲ್ಲ ಕೂಡಿಸಿದ ಮೇಲೆ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕಿದ್ದೀಯಾ?

ಇನ್ನು ಆ 52,000. ಡೀಸೆಲ್ ಗಾಡಿಗೆ ಹೆಚ್ಚು ದುಡ್ಡು ಸುರಿದವರು ಅದನ್ನು ಓಡಿಸಲೆಂದೇ ಕೊಂಡಿರುತ್ತಾರೆ. ಹತ್ತು ವರ್ಷದಲ್ಲಿ ಇಷ್ಟೇ ಓಡಿದೆ ಅಂದರೆ ಒಂದೋ ಮೀಟರ್ ಹಿಂದಕ್ಕೆ ತಿರುಗಿಸಿದ್ದಾರೆ, ಇಲ್ಲವೇ ಗಾಡಿ ನಿಂತಲ್ಲೇ ನಿಂತಿದೆ. ಎರಡನೆಯದು ಮೊದಲನೆಯದಕ್ಕಿಂತ ಒಳ್ಳೆಯದೇನಲ್ಲ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ.

ಮೀಸೆ ಚಿಗುರುವ ಮುಂಚೆಯೇ ನಾನು ಇಲ್ಲಿನ ಒಂದು ಡೀಸೆಲ್ ಪಂಪ್–ನಾಜಲ್ ರಿಪೇರಿ ಅಂಗಡಿ ಸೇರಿದವನು. ಆಗ ನಮ್ಮಲ್ಲಿಗೆ ಬರುತ್ತಿದ್ದದ್ದು ಲಾರಿ, ಮ್ಯಾಟಡೋರ್, ಡೀಸೆಲ್ ಅಂಬಾಸಿಡರ್. ನಮ್ಮ ಮೇಜಿನ ಮೇಲೆ ಇರುತ್ತಿದ್ದದ್ದು ಹೆಚ್ಚಾಗಿ ಬೆಂಗಳೂರಿನ ಮೈಕೋ ಕಂಪನಿಯ ಪಂಪು, ನಾಜಲ್ಲುಗಳೇ. ಉಸ್ತಾದರು ನಾಜಲ್ಲನ್ನು ಟೆಸ್ಟರಿಗೆ ಕಟ್ಟಿ ಹಿಡಿಕೆ ಒತ್ತುತ್ತಿದ್ದರು. ಒಳ್ಳೆಯ ನಾಜಲ್ ಗರಗರ ಸದ್ದು ಮಾಡಿ ನವಿರಾದ ತುಂತುರು ಉಗುಳುತ್ತದೆ. ಕೆಟ್ಟದ್ದು ಸದ್ದೇ ಇಲ್ಲದೆ ಒಂದೇ ಧಾರೆ ಬಿಟ್ಟು ತುದಿಯಲ್ಲಿ ಹನಿ ಕಟ್ಟಿಕೊಳ್ಳುತ್ತದೆ. ಆ ಹನಿ ಒಳಗೆ ಬಿದ್ದು ಪಿಸ್ಟನ್ ಸುಡುತ್ತದೆ. ‘ಕಣ್ಣಿಂದ ನೋಡು, ಕಿವಿಯಿಂದ ಕೇಳು, ಕೈ ಮಾತ್ರ ಮುಂದೆ ಒಡ್ಡಬೇಡ’ ಅನ್ನುತ್ತಿದ್ದರು ಉಸ್ತಾದರು. ಆ ಒತ್ತಡದ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ.

ಬಾಡಿಗೆ ಗಾಡಿಯವರಲ್ಲಿ ಕೆಲವರು ರೇಷನ್ ಅಂಗಡಿಯ ನೀಲಿ ಸೀಮೆಎಣ್ಣೆಯನ್ನು ಡೀಸೆಲ್ಲಿಗೆ ಬೆರೆಸುತ್ತಿದ್ದರು. ಪಂಪಿನ ಪ್ಲಂಜರಿಗೆ ಡೀಸೆಲ್ಲಿನ ಜಿಡ್ಡೇ ಆಸರೆ, ಸೀಮೆಎಣ್ಣೆಯಲ್ಲಿ ಅಷ್ಟು ಜಿಡ್ಡಿಲ್ಲ. ಬಿಚ್ಚಿದರೆ ನುಣ್ಣಗಿರಬೇಕಾದ ಪ್ಲಂಜರ್ ಮೇಲೆ ಉದ್ದುದ್ದ ಗೀರು. ಲೀಟರಿಗೆ ಉಳಿಸಿದ ನಾಲ್ಕು ಕಾಸನ್ನು ಪಂಪಿಗೆ ಹತ್ತು ಪಟ್ಟು ಕಕ್ಕಿ ಹೋಗುತ್ತಿದ್ದರು.

ಎರಡು ಗಾಡಿಗಳು ನನಗೆ ಚೆನ್ನಾಗಿ ನೆನಪಿವೆ. ಒಂದು ಕಾರವಾರದ ದಾರಿಯಲ್ಲಿ ಓಡುತ್ತಿದ್ದ ಟಾಟಾ ಸುಮೋ. ಅದರ ಚಾಲಕನ ಅಂಗಿ ಜೇಬಿನಲ್ಲಿ ಒಂದು ಸಣ್ಣ ಪಾಕೆಟ್ ಬುಕ್ಕು, ಎಣ್ಣೆ ಬದಲಿಸಿದ ತಾರೀಖು, ಫಿಲ್ಟರ್ ಹಾಕಿದ ತಾರೀಖು ಎಲ್ಲ ಅದರಲ್ಲಿ. ಫಿಲ್ಟರಿನ ತಳದ ನೀರನ್ನು ತಾನೇ ಬಸಿಯುತ್ತಿದ್ದ. ಅರಬೈಲ್ ಘಾಟಿ ಹತ್ತಿ ಬಂದ ಕೂಡಲೇ ಎಂಜಿನ್ ಬಂದ್ ಮಾಡದೆ ಸ್ವಲ್ಪ ಹೊತ್ತು ಹಾಗೇ ಬಿಡುತ್ತಿದ್ದ. ಆ ಸುಮೋ ಲಕ್ಷಗಟ್ಟಲೆ ಕಿಲೋಮೀಟರ್ ಓಡಿತು, ಅದರ ಎಂಜಿನ್ ಬಿಚ್ಚಿದ್ದನ್ನು ನಾನು ನೋಡಲಿಲ್ಲ. ಇನ್ನೊಂದು ಒಬ್ಬ ವ್ಯಾಪಾರಿಯದು. ಶೆಡ್ಡಿನಲ್ಲೇ ಇರುತ್ತಿದ್ದ ಗಾಡಿ, ಮೈಮೇಲೆ ಒಂದು ಗೆರೆ ಇಲ್ಲ. ಟ್ಯಾಂಕಿನಲ್ಲಿ ನೀರು ಸೇರಿ ಪಂಪು ಒಳಗೇ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಓಡುವುದರಿಂದ ಡೀಸೆಲ್ ಗಾಡಿ ಸಾಯುವುದಿಲ್ಲ ತಮ್ಮಾ, ಅಲಕ್ಷ್ಯದಿಂದ ಸಾಯುತ್ತದೆ.

ಆ ಹಳೆ ನಾಜಲ್ಲುಗಳು 200 ಬಾರ್ ಆಸುಪಾಸಿನ ಒತ್ತಡಕ್ಕೆ ತೆರೆಯುತ್ತಿದ್ದವು. ಕಾಮನ್ ರೈಲ್ ಬಂದ ಮೇಲೆ ಒತ್ತಡ ಸಾವಿರ ಬಾರ್ ದಾಟಿತು. ಹಳೆಯ ಪಂಪು ಸಹಿಸುತ್ತಿದ್ದ ಕೊಳಕನ್ನು ಹೊಸದು ಸಹಿಸುವುದಿಲ್ಲ. ಹಾಗಾಗಿ ಗಾಡಿ ಸಾಕಿದವರು ಯಾರು ಎನ್ನುವುದು ಈಗ ಮೊದಲಿಗಿಂತ ಮುಖ್ಯ.

ನೀನು ‘ಬಹಳ ಓಡಿದೆ’ ಅಂತ ಬದಿಗೆ ಸರಿಸಿದೆಯಲ್ಲ, ನಿಮ್ಮ ಆಫೀಸಿನ ಹಿರಿಯರ ಇನೋವಾ, ಅದಕ್ಕೆ ಬರೋಣ. 2014ರದು, 1,84,000 ಕಿಲೋಮೀಟರ್, ಒಂದೇ ಕೈ, ಮೊದಲ ದಿನದಿಂದ ಸರ್ವೀಸ್ ಬಿಲ್ಲುಗಳಿವೆ. ನಾನು ಎರಡೂ ಗಾಡಿಗಳನ್ನು ಸಮನಾಗಿಯೇ ತೂಗುತ್ತೇನೆ. ಇನೋವಾದಲ್ಲೂ ಕುಂದಿದೆ. ಆ 2.5 ಲೀಟರ್ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇದೆ, ಬದಲಿಸಿದ ಬಿಲ್ ಕೇಳಲೇಬೇಕು. 2029ಕ್ಕೆ ಹದಿನೈದು ವರ್ಷ ತುಂಬುತ್ತದೆ, ಆಗ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು. ಯೆಲ್ಲೋ ಬೋರ್ಡಿನಲ್ಲಿ ದುಡಿದು ಆಮೇಲೆ ವೈಟ್ ಬೋರ್ಡ್ ಆದ ಇನೋವಾಗಳೂ ಮಾರುಕಟ್ಟೆಯಲ್ಲಿವೆ, ಅವುಗಳಿಂದ ದೂರ ಇರು. ಇದು ಅಂಥದ್ದಲ್ಲ. ಬಿಡದಿಯಲ್ಲಿ ತಯಾರಾದ ಗಾಡಿ, ಅದರ ಬಿಡಿಭಾಗ, ಅದನ್ನು ಬಲ್ಲ ಮಿಸ್ತ್ರಿ ನಮ್ಮ ಯಾವ ತಾಲ್ಲೂಕಿಗೆ ಹೋದರೂ ಸಿಗುತ್ತಾರೆ. ರಾತ್ರಿ ಹೊತ್ತು ಯಲ್ಲಾಪುರದ ಕಾಡಿನಲ್ಲಿ ಗಾಡಿ ನಿಂತರೆ ನಿನಗೆ ಬೇಕಾಗುವುದು ಅದು, ಸನ್‌ರೂಫ್ ಅಲ್ಲ.

2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಗಾಡಿ ಹೇಗೆ ಅಂತಲೂ ನೀನು ಕೇಳಿದ್ದೆ. ಅದರ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಇದೆ. ಮಸಿ ಸುಟ್ಟುಹೋಗಬೇಕಾದರೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಬೆಂಗಳೂರಿನ ಸಿಗ್ನಲ್ಲುಗಳ ನಡುವೆಯೇ ತೆವಳಿದ ಗಾಡಿಯಲ್ಲಿ ಅದು ಕಟ್ಟಿಕೊಂಡು ಕೂರುತ್ತದೆ, ಸುಡದ ಡೀಸೆಲ್ ಎಂಜಿನ್ ಆಯಿಲ್ಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಗುರುತಿಗಿಂತ ಮೇಲಿದ್ದು ಡೀಸೆಲ್ ವಾಸನೆ ಬಂದರೆ ಬಿಟ್ಟು ಬಾ. ಊರಿಗೆ ಹೋಗುವುದೇ ಇಲ್ಲ, ಮನೆಯಿಂದ ಆಫೀಸು ಅಷ್ಟೇ ಅನ್ನುವವರಿಗೆ ಡೀಸೆಲ್ಲೇ ಬೇಡ, ಪೆಟ್ರೋಲ್ ಸಾಕು.

ಇನೋವಾ ನೋಡಲು ಬೆಳಿಗ್ಗೆ ಬೇಗ ಹೋಗಬೇಕು. ಮೊದಲು ಬಾನೆಟ್ ಮೇಲೆ ಕೈ ಇಡು. ಬೆಚ್ಚಗಿದ್ದರೆ ಯಾರೋ ಮುಂಚೆಯೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ, ಮರುದಿನ ಬರುತ್ತೇನೆ ಅಂತ ಹೇಳು. ತಣ್ಣಗಿರುವ ಎಂಜಿನ್ ಮಾತ್ರ ನಿಜ ಹೇಳುತ್ತದೆ. ಸ್ಟಾರ್ಟ್ ಆದ ಮೇಲೆ ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಸುಡುತ್ತಿದೆ, ಬಿಳಿ ಹೊಗೆ ನಿಲ್ಲದಿದ್ದರೆ ನಾಜಲ್ಲೋ ಗ್ಯಾಸ್ಕೆಟ್ಟೋ ಹೋಗಿದೆ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ಬಿಚ್ಚಿ ಬಾಯಿಯ ಮೇಲೆ ಬೋರಲು ಇಡು. ಸ್ವಲ್ಪ ಅಲ್ಲಾಡಿದರೆ ಚಿಂತೆಯಿಲ್ಲ, ಹೊಗೆಯುಗುಳಿ ಮುಚ್ಚಳವನ್ನು ಎತ್ತಿ ಎಸೆದರೆ ರಿಂಗು ಸವೆದಿವೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಬುಡ ನೋಡು, ಕೆಸರಿನ ಕಲೆ ಇದ್ದರೆ ನೆರೆಯಲ್ಲಿ ಮುಳುಗಿದ ಗಾಡಿ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ಬಾಕಿ ಇದೆಯಾ ನೋಡು. ಫಾರಂ 29, 30ಕ್ಕೆ ಸಹಿ ಆದ ಮೇಲೆ 14 ದಿನದೊಳಗೆ ಇನ್ಶೂರೆನ್ಸ್ ನಿನ್ನ ಹೆಸರಿಗೆ ಮಾಡಿಸು.

ಗದರಿದೆ ಅಂತ ಬೇಸರ ಮಾಡಿಕೊಳ್ಳಬೇಡ. ನನ್ನ ಅಕ್ಕ, ನಿನ್ನ ಅಮ್ಮ, ಮೊಣಕಾಲು ನೋವನ್ನು ನಿನ್ನ ಹತ್ತಿರ ಹೇಳಿಕೊಳ್ಳುವುದಿಲ್ಲ, ನನ್ನ ಹತ್ತಿರ ಹೇಳುತ್ತಾಳೆ. ಗಾಡಿ ನೋಡುವ ದಿನ ಅವಳನ್ನೂ ಕರೆದುಕೊಂಡು ಬಾ, ನಡುವಿನ ಸೀಟಿಗೆ ಹತ್ತಿಸಿ ಇಳಿಸಿ ನೋಡೋಣ. ಅವಳು ಸಲೀಸಾಗಿ ಇಳಿಯಲಾರಳು ಅಂದರೆ ನನ್ನ ಮಾತನ್ನೂ ಪಕ್ಕಕ್ಕಿಟ್ಟು ಬೇರೆ ಹುಡುಕು. ದುಡ್ಡು ನಿನ್ನದು, ತೀರ್ಮಾನವೂ ನಿನ್ನದೇ.

ಶನಿವಾರ ರಾತ್ರಿ ರೈಲು ಹತ್ತುತ್ತೇನೆ. ನಾನು ಬಂದು ಮುಟ್ಟುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಆ ಸಾಹೇಬರಿಗೆ ಹೇಳಿಟ್ಟಿರು.

ಇಂತಿ,
ನಿನ್ನ ಸೋದರಮಾವ